ಅತ್ತೆಯ ಕಲ್ಲು ಮತ್ತು ಹಿಂದೆ ಸರಿಯದ ಕಾರು

ನನ್ನ ಮೈದುನನ ಹೆಂಡತಿಯ ಬಂಗಾರದ ಪಾಟಲಿ ಕಂಡು ನನಗೆ ಹೊಟ್ಟೆ ಉರಿದಿಲ್ಲ. ಅವಳ ಬಣ್ಣ, ಅವಳ ಬ್ಯಾಂಕಿನ ನೌಕರಿ, ತವರಿನಿಂದ ಡಬ್ಬಿಗಟ್ಟಲೆ ಬರುತ್ತಿದ್ದ ಚಕ್ಕುಲಿ, ಇವು ಯಾವುವೂ ನನ್ನ ನಿದ್ದೆ ಕೆಡಿಸಿರಲಿಲ್ಲ. ಹೊಟ್ಟೆ ಉರಿದದ್ದು ಅವಳ ಕಾರು ಏರಿನಲ್ಲಿ ನಿಂತರೆ ಹಿಂದೆ ಸರಿಯುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಕೇಳಿದವರು ನಗುತ್ತಾರೆ. ನಗಲಿ. ಅವರಿಗೆ ನನ್ನ ಅತ್ತೆಯೂ ಗೊತ್ತಿಲ್ಲ, ಅತ್ತೆಯ ಕಲ್ಲೂ ಗೊತ್ತಿಲ್ಲ.

ನಮ್ಮ ಮನೆ ಚಿಕ್ಕೋಡಿಯ ಒಂದು ಏರು ಓಣಿಯಲ್ಲಿದೆ. ಕೆಳಗಿನ ಪೇಟೆ ರಸ್ತೆಯಿಂದ ಓಣಿ ನೆಟ್ಟಗೆ ಮೇಲೆ ಹತ್ತುತ್ತದೆ, ನಡುವೆ ಒಂದು ತಿರುವು. ಆ ತಿರುವಿನಲ್ಲಿ ಎದುರಿಗೆ ಎಮ್ಮೆ ಬರಲಿ, ಟೆಂಪೋ ಬರಲಿ, ನಿಲ್ಲಲೇಬೇಕು. ನಿಂತ ಮೇಲೆ ಮತ್ತೆ ಹೊರಡುವುದೇ ಫಜೀತಿ.

ಇಸವಿ ಎರಡು ಸಾವಿರ ದಾಟಿದ ಮೊದಲ ವರ್ಷಗಳಲ್ಲಿ ನಮ್ಮ ಯಜಮಾನರು ಯಾರೋ ಬಳಸಿ ಬಿಟ್ಟ ಒಂದು ಸಣ್ಣ ಕಾರು ಕೊಂಡರು. ಕೊಂಡವರು ಅವರು, ಕಲಿತವಳು ನಾನು. ಅವರಿಗೆ ಕಾರು ಎಂದರೆ ಮಲಗುವ ಜಾಗ. ಹಿಂದಿನ ಸೀಟಿಗೆ ಒರಗಿದರೆ ಓಣಿ ದಾಟುವಷ್ಟರಲ್ಲಿ ಗೊರಕೆ ಶುರು. ಹೀಗಾಗಿ ಡ್ರೈವಿಂಗ್ ಶಾಲೆಗೆ ನಾನು ಹೋದೆ. ಅಲ್ಲಿನ ಮಾಸ್ತರರು ಬಯಲಿನಲ್ಲಿ ಎಲ್ಲವನ್ನೂ ಕಲಿಸಿದರು, ಏರಿನ ಮಾತು ಬಂದಾಗ ಮಾತ್ರ "ಹಾಫ್ ಕ್ಲಚ್ ಹಿಡೀರಿ, ದೇವರ ಮ್ಯಾಲ ಭಾರ ಹಾಕ್ರಿ" ಎಂದು ಕೈತೊಳೆದುಕೊಂಡರು.

ಏರಿನಲ್ಲಿ ಬಲಗಾಲು ಒಂದು, ಕೆಲಸ ಎರಡು. ಬ್ರೇಕ್ ಬಿಡಬೇಕು, ಎಕ್ಸಿಲರೇಟರ್ ಒತ್ತಬೇಕು. ಒಂದರಿಂದ ಇನ್ನೊಂದಕ್ಕೆ ಕಾಲು ಹೋಗುವ ಆ ಚೂರು ಹೊತ್ತಿನಲ್ಲಿ ಗಾಡಿ ಯಾರ ಮಾತನ್ನೂ ಕೇಳುವುದಿಲ್ಲ, ಇಳಿಜಾರಿನ ಮಾತು ಕೇಳುತ್ತದೆ. ಆಗ ಎಡಗಾಲಿನ ಕ್ಲಚ್ಚನ್ನು ಅರ್ಧ ಎತ್ತಿ ಗಾಡಿಯನ್ನು ಹಿಡಿದುಕೊಂಡಿರಬೇಕು. ಹೆಚ್ಚು ಎತ್ತಿದರೆ ಇಂಜಿನ್ ಬಂದ್, ಕಡಿಮೆ ಎತ್ತಿದರೆ ಗಾಡಿ ಹಿಂದೆ. ಹ್ಯಾಂಡ್‌ಬ್ರೇಕ್ ಇರುವುದು ಇದಕ್ಕೇ, ನಿಜ. ಆದರೆ ನಮ್ಮ ಕಾರಿನ ಹ್ಯಾಂಡ್‌ಬ್ರೇಕ್ ಎಳೆದರೆ ತಾನು ಎದ್ದು ನಿಲ್ಲುತ್ತಿತ್ತೇ ಹೊರತು ಗಾಡಿಯನ್ನು ನಿಲ್ಲಿಸುತ್ತಿರಲಿಲ್ಲ.

ಮೊದಲ ವಾರವೇ ನಾನು ಆ ತಿರುವಿನಲ್ಲಿ ಹಿಂದೆ ಸರಿದು ಒಬ್ಬರ ಕಟ್ಟೆಯ ಮೇಲಿದ್ದ ಹೂವಿನ ಕುಂಡ ಒಡೆದೆ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. "ಹೆಣಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ಆಗೂದು" ಎಂದು ಒಬ್ಬ ಮುದುಕ ಎಲ್ಲರಿಗೂ ಕೇಳುವಂತೆ ಹೇಳಿದ. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ. ಆಗ ಮನೆಯೊಳಗಿಂದ ಅತ್ತೆ ಬಂದರು. ಕೈಯಲ್ಲಿ ಹಿತ್ತಲ ಬಾಗಿಲಿಗೆ ಒತ್ತಿಡುತ್ತಿದ್ದ ಕರಿಕಲ್ಲು. ಒಂದು ಬದಿ ಸಪಾಟು, ಇನ್ನೊಂದು ಬದಿ ಇಳುಕಲು, ಒಂದೇ ಕೈಯಲ್ಲಿ ಎತ್ತುವಷ್ಟು ಭಾರ. ಯಾರನ್ನೂ ನೋಡದೆ, ಏನನ್ನೂ ಮಾತಾಡದೆ, ಅದನ್ನು ಹಿಂದಿನ ಗಾಲಿಗೆ ಒತ್ತಿಟ್ಟು ಕಾರಿನ ತಲೆಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದರು.

"ಹೂಂ, ಬಿಡು ಈಗ. ಎಲ್ಲಿಗೂ ಹೋಗೂದಿಲ್ಲ ಅದು."

ನಾನು ಎರಡೂ ಕಾಲನ್ನು ಸಾವಕಾಶ ಸರಿಪಡಿಸಿಕೊಂಡೆ. ಗಾಡಿ ಕಲ್ಲಿಗೆ ಬೆನ್ನು ಕೊಟ್ಟು ನಿಂತಿತು. ಕ್ಲಚ್ ಎತ್ತಿದೆ, ಎಕ್ಸಿಲರೇಟರ್ ಒತ್ತಿದೆ, ಮೇಲೆ ಹೋಯಿತು. ಅತ್ತೆ ಕಲ್ಲು ಎತ್ತಿಕೊಂಡು ಹಿಂದಿನಿಂದ ನಡೆದು ಬಂದರು. ಬರುವಾಗ ಆ ಮುದುಕನ ಮುಂದೆ ಒಂದು ಗಳಿಗೆ ನಿಂತು, "ನಿಮ್ಮ ಮಗಾ ಬುಲೆಟ್ ಮ್ಯಾಲಿಂದ ಎಷ್ಟ ಸಲ ಬಿದ್ದಾನ್ರಿ?" ಎಂದು ಕೇಳಿದರಂತೆ.

ಅವರಿಗೆ ಇದು ಹೊಸ ಕೆಲಸವಲ್ಲ. ಅವರ ತಂದೆ ಊರಿನಿಂದ ನಿಪ್ಪಾಣಿಯ ಪೇಟೆಗೆ ಎತ್ತಿನ ಗಾಡಿಯಲ್ಲಿ ತಂಬಾಕು ಹೇರಿಕೊಂಡು ಹೋಗುತ್ತಿದ್ದವರು. ಮಗಳು ಚಿಕ್ಕವಳಿದ್ದಾಗ ಗಾಡಿಯ ಹಿಂದೆ ಕಲ್ಲು ಹಿಡಿದು ನಡೆಯುತ್ತಿದ್ದಳು. ಏರಿನಲ್ಲಿ ಎತ್ತುಗಳು ಉಸಿರು ಬಿಡಲು ನಿಂತರೆ ಗಾಲಿಗೆ ಕಲ್ಲು ಕೊಟ್ಟು, ಗಾಡಿಯ ಹಲಗೆ ತಟ್ಟಿ ಅಪ್ಪನಿಗೆ ಸನ್ನೆ ಮಾಡುವುದು ಅವಳ ಕೆಲಸ. ಆ ತಟ್ಟುವ ಕೈಯೇ ನನ್ನ ಕಾರಿಗೂ ಬಂತು.

ಅಂದಿನಿಂದ ಆ ಕಲ್ಲು ಹಿತ್ತಲ ಬಾಗಿಲು ಬಿಟ್ಟು ಕಾರು ಸೇರಿತು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅತ್ತೆ ಅದನ್ನು ಮುಂದಿನ ಸೀಟಿನಲ್ಲಿ, ತಮ್ಮ ಕಾಲ ಬುಡದಲ್ಲಿ ಇಟ್ಟುಕೊಳ್ಳುತ್ತಿದ್ದರು. ಪ್ರತಿ ಅಮಾವಾಸ್ಯೆಗೆ ನಾವು ಸ್ತವನಿಧಿಗೆ ಹೋಗುತ್ತಿದ್ದೆವು. ನಮ್ಮ ಕಡೆಯ ಜೈನರ ಮನೆಗಳಲ್ಲಿ ಅದು ತಪ್ಪಿಸುವ ಮಾತಲ್ಲ. ಚಿಕ್ಕೋಡಿಯಿಂದ ನಿಪ್ಪಾಣಿ, ಅಲ್ಲಿಂದ ಹೆದ್ದಾರಿ ಹಿಡಿದು ತವಂದಿ ಘಾಟ ಹತ್ತಿದರೆ ದೇವಸ್ಥಾನ. ಘಾಟದಲ್ಲಿ ಲಾರಿ ಕೆಟ್ಟು ನಿಂತರೆ, ಕಬ್ಬಿನ ಟ್ರ್ಯಾಕ್ಟರ್ ಉಸಿರುಗಟ್ಟಿದರೆ, ಹಿಂದಿನವರೆಲ್ಲ ಏರಿನಲ್ಲೇ ನಿಲ್ಲಬೇಕು. ಅತ್ತೆ ಇಳಿಯುವರು, ಕಲ್ಲು ಕೊಡುವರು, ತಟ್ಟುವರು. ನಾನು ಗಾಡಿ ಎತ್ತಿಕೊಂಡು ಮೇಲೆ ಸಮ ಜಾಗದಲ್ಲಿ ಕಾಯುವೆ. ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕಲ್ಲು ಹಿಡಿದು ಬರುವರು. ಅವರ ಮಗ ಹಿಂದೆ ಮಲಗಿಯೇ ಇರುವರು.

ಮನೆಯಲ್ಲಿ ಅತ್ತೆಯ ಮಾತು ಎಂದರೆ ಹಾಲು ನೋಡು, ನೀರು ಬಂತು, ಬಾಗಿಲು ಹಾಕು, ಅಷ್ಟೇ. ನಾನು ಸೊಸೆ, ಅವರು ಅತ್ತೆ, ನಡುವೆ ಒಲೆ. ಕಾರು ಹತ್ತಿದರೆ ಅವರು ಬೇರೆಯೇ ಹೆಂಗಸು. ರಾಯಬಾಗದ ಸೋದರತ್ತೆಯ ಮನೆಯಲ್ಲಿ ಮಧ್ಯಾಹ್ನ ಎಲ್ಲರೂ ಮಲಗಿದಾಗ ಗಂಡಸರ ಸೈಕಲ್ಲನ್ನು ಕದ್ದು ಹೊಡೆದು ಕಲಿತದ್ದನ್ನು ಅವರು ಹೆತ್ತ ಮಕ್ಕಳಿಗೂ ಹೇಳಿರಲಿಲ್ಲ. ನನಗೆ ಹೇಳಿದರು, ನಿಪ್ಪಾಣಿ ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿ. ಆ ಮುಂದಿನ ಸೀಟಿನಲ್ಲಿ ಕೂತ ಅತ್ತೆ ನನ್ನವರು. ಈ ಮನೆಗೆ ಬಂದು ನಾನು ಗಳಿಸಿದ್ದು ಏನಾದರೂ ಇದ್ದರೆ ಅದೊಂದೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳಾದ ಮೇಲೆ ನನ್ನ ಕಾಲು ಪಳಗಿತು. ಏರಿನಲ್ಲಿ ಕಲ್ಲೇ ಬೇಡ, ಗಾಡಿ ಒಂದು ಬೆರಳೂ ಹಿಂದೆ ಸರಿಯದಂತೆ ಎತ್ತಿಕೊಂಡು ಹೋಗಬಲ್ಲವಳಾದೆ. ಮೇಲಾಗಿ, ಒಮ್ಮೆ ಗ್ಯಾರೇಜಿಗೆ ಬಿಟ್ಟಾಗ ಮಿಸ್ತ್ರಿ ಹ್ಯಾಂಡ್‌ಬ್ರೇಕಿನ ವಾಯರ್ ಬದಲಿಸಿ ಬಿಗಿ ಮಾಡಿಕೊಟ್ಟ. ಇದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅತ್ತೆ, "ಇನ್ನ ನನ್ನ ಕೆಲಸ ಏನೈತಿ? ನೀವ ಹೋಗಿ ಬರ್ರಿ" ಎಂದು ಮನೆಯಲ್ಲೇ ಕೂತುಬಿಡುವ ಹೆಂಗಸು. ಅವರಿಗೆ ದಂಡಕ್ಕೆ ಕೂತು ಹೋಗುವುದು ಗೊತ್ತಿರಲಿಲ್ಲ. ಅದಕ್ಕೇ ಪ್ರತಿ ಏರಿನಲ್ಲೂ ನಾನು ಮುಖ ಸಣ್ಣ ಮಾಡಿ "ಅತ್ತೀ, ಕಲ್ಲ" ಎನ್ನುತ್ತಿದ್ದೆ. ಅವರು ಇಳಿಯುತ್ತಿದ್ದರು. ಹೀಗೆ ವರ್ಷಗಳು ಸುಖವಾಗಿ ನಡೆದವು.

ಆಮೇಲೆ ನೆಗೆಣ್ಣಿ, ಅದೇ ಮೈದುನನ ಹೆಂಡತಿ, ಕಾರು ತಂದಳು.

ಅವಳು ಇಚಲಕರಂಜಿ ಕಡೆಯವಳು. ಮರಾಠಿಯಲ್ಲಿ ನಗುತ್ತಾಳೆ, ಕನ್ನಡದಲ್ಲಿ ಮಾತಾಡುತ್ತಾಳೆ. ಮದುವೆಯಾಗಿ ಬಂದು ಮೇಲಿನ ಮಾಳಿಗೆಯಲ್ಲಿ ಸಂಸಾರ ಹೂಡಿದ್ದಳು. ಎರಡು ಸಾವಿರದ ಹದಿನೈದರ ಆಚೆಗೆ ಗೇರು ತಾನೇ ಬದಲಾಗುವ ಸಣ್ಣ ಕಾರುಗಳು ನಮ್ಮ ಕಡೆಗೂ ಬರತೊಡಗಿದ್ದವು. ಮೈದುನ ಅವಳಿಗೆ ಅಂಥದೊಂದು ಕೊಡಿಸಿದ. ಕ್ಲಚ್ಚೇ ಇಲ್ಲ. ಎಡಗಾಲಿಗೆ ಪಿಂಚಣಿ. ತಂದ ದಿನ ಪೂಜೆ ಮುಗಿದ ಮೇಲೆ ಓಣಿಯವರೆಲ್ಲರ ಎದುರಿಗೆ ಅವಳು ಅದೇ ತಿರುವಿನಲ್ಲಿ, ನಾನು ಕುಂಡ ಒಡೆದ ಜಾಗದಲ್ಲಿ, ಕಾರು ನಿಲ್ಲಿಸಿದಳು. "ನೋಡ್ರಿ" ಎಂದು ಬ್ರೇಕಿನಿಂದ ಕಾಲು ತೆಗೆದಳು. ಕಾರು ನಿಂತೇ ಇತ್ತು. ಆಮೇಲೆ ಎಕ್ಸಿಲರೇಟರ್ ಒತ್ತಿದಳು, ಮೇಲೆ ಬಂತು. ಓಣಿಯವರು ಚಪ್ಪಾಳೆ ತಟ್ಟಿದರು. ಆ ಮುದುಕನೂ ತಟ್ಟಿದ.

ಅತ್ತೆ ಮಾತ್ರ ಚಪ್ಪಾಳೆ ತಟ್ಟದೆ ಕಾರಿನ ಹಿಂದೆ ಹೋಗಿ ಬಗ್ಗಿ ಗಾಲಿ ನೋಡಿದರು.

"ಯಾರ ಹಿಡದಿದ್ರು ಇದನ್ನ?" ಎಂದು ಕೇಳಿದರು.

"ಗಾಡೀನ ಹಿಡಿತೈತ್ರಿ ಅತ್ತಿ. ಯಾರೂ ಬೇಕಾಗೂದಿಲ್ಲ" ಎಂದಳು ಅವಳು.

ಯಾರೂ ಬೇಕಾಗುವುದಿಲ್ಲ. ಆ ಮಾತು ನನ್ನ ಎದೆಗೆ ಮುಳ್ಳಿನಂತೆ ಚುಚ್ಚಿತು. ಅತ್ತೆ ಅದನ್ನು ಹೇಗೆ ತೆಗೆದುಕೊಂಡರೋ, ಮುಖದಲ್ಲಿ ಗೊತ್ತಾಗಲಿಲ್ಲ.

ನಾನು ಮೈದುನನನ್ನು ಅಡುಗೆಮನೆಯಲ್ಲಿ ಹಿಡಿದು ಕೂರಿಸಿ, ಚಹಾ ಕೊಟ್ಟು, ಅದರ ಗುಟ್ಟು ಕೇಳಿದೆ. ಅವನು ಹೇಳಿದ್ದು ಇಷ್ಟು: ಕಾಲು ಬ್ರೇಕ್ ಬಿಟ್ಟರೂ ಗಾಡಿ ಒಂದೆರಡು ಉಸಿರಿನ ತನಕ ಬ್ರೇಕನ್ನು ತಾನೇ ಹಿಡಿದುಕೊಂಡಿರುತ್ತದೆ, ಅಷ್ಟರಲ್ಲಿ ಎಕ್ಸಿಲರೇಟರ್ ಒತ್ತಿದರೆ ಆಯಿತು, ಒತ್ತದಿದ್ದರೆ ಬಿಟ್ಟುಬಿಡುತ್ತದೆ. ಈಚೆಗೆ ಕ್ಲಚ್ ಇರುವ ಕೆಲವು ಕಾರುಗಳಿಗೂ ಇದನ್ನು ಕೊಡುತ್ತಾರಂತೆ. ಆದರೆ ಕ್ಲಚ್ ಪೆಡಲ್ ಇಲ್ಲದ ಈ ಕಾರಿಗೆ ಇದು ಹೆಚ್ಚು ಬೇಕು. ಹಾಫ್ ಕ್ಲಚ್ ಹಿಡಿಯಲು ಅದರಲ್ಲಿ ಕಾಲಿಗೆ ಅವಕಾಶವೇ ಇಲ್ಲ, ಒಳಗಿನ ಕ್ಲಚ್ಚನ್ನು ಯಂತ್ರವೇ ಬಿಟ್ಟು ಹಿಡಿಯುವಷ್ಟರಲ್ಲಿ ಗಾಡಿ ಹಿಂದೆ ಜಾರುತ್ತದೆ.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಂದೆರಡು ಉಸಿರು! ಅಷ್ಟಕ್ಕೇ ಇಷ್ಟು ಮೆರವಣಿಗೆಯೇ? ನನ್ನ ಎಡಗಾಲು ಬೇಕಾದಷ್ಟು ಹೊತ್ತು ಗಾಡಿ ಹಿಡಿದೀತು, ನನ್ನ ಅತ್ತೆಯ ಕಲ್ಲು ಯುಗಾದಿಯಿಂದ ಯುಗಾದಿಯ ತನಕ ಹಿಡಿದೀತು. ಇದನ್ನು ಬಂದವರಿಗೆಲ್ಲ ಹೇಳಿದೆ. ಹಾಲು ಹಾಕುವವಳಿಗೂ ಹೇಳಿದೆ. ಅವಳು "ಹೌದ್ರಿ ಅಕ್ಕಾರ" ಎಂದು ಹಾಲು ಅಳೆದು ಹೋದಳು. ಸಂತೋಷ ಸಂಜೆಯ ತನಕವೂ ಉಳಿಯಲಿಲ್ಲ.

ಏಕೆಂದರೆ ಅತ್ತೆ ಆ ಕಾರು ಹತ್ತತೊಡಗಿದರು. ಮೊದಲು ಹಾರೂಗೇರಿಗೆ, ಯಾರದೋ ಮನೆಯ ತೊಟ್ಟಿಲ ಶಾಸ್ತ್ರಕ್ಕೆ. ಆಮೇಲೆ ದಿಗ್ಗೇವಾಡಿಗೆ, ತಮ್ಮ ತಂಗಿಯನ್ನು ನೋಡಲು. ಹಾರೂಗೇರಿಯ ದಾರಿಯಲ್ಲಿ ಏರು ಎಲ್ಲಿದೆ, ಹೋಗಲಿ ಎಂದುಕೊಂಡೆ. ಆದರೆ ಒಂದು ಸಂಜೆ ನೆಗೆಣ್ಣಿ ಬಟ್ಟೆ ಮಡಚುತ್ತ, "ಅಕ್ಕಾ, ಅತ್ತಿ ಸಣ್ಣಾಕಿ ಇದ್ದಾಗ ಸೈಕಲ್ ಹೊಡೀತಿದ್ರಂತ. ನಿಮಗ ಗೊತ್ತೈತೇನು?" ಎಂದು ಕೇಳಿದಳು.

"ಇಲ್ಲ" ಎಂದೆ.

ಅಂದು ನಾನು ಊಟ ಮಾಡಲಿಲ್ಲ. ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ, ಆಮೇಲೆ ಹಸಿದರೂ ಉಣ್ಣುವಂತಿಲ್ಲ. ಹಸಿದೇ ಮಲಗಿದೆ. ಯಾವ ದಾರಿಯಲ್ಲಿ ಹೇಳಿರಬಹುದು? ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರೇ, ಅವಳ ಮುಖ ನೋಡಿ ಹೇಳಿದರೇ? ಸಿಟ್ಟು ಅತ್ತೆಯ ಮೇಲೋ ಅವಳ ಮೇಲೋ ಆ ದರಿದ್ರ ಕಾರಿನ ಮೇಲೋ ನನಗೇ ತಿಳಿಯಲಿಲ್ಲ.

ಮುಂದಿನ ಅಮಾವಾಸ್ಯೆ ಕಬ್ಬಿನ ಹಂಗಾಮಿನಲ್ಲಿ ಬಂತು. ನೆಗೆಣ್ಣಿಯ ತಾಯಿ ಇಚಲಕರಂಜಿಯಿಂದ ಬಂದಿದ್ದರು. ಮೈದುನ ಕೆಲಸದ ಮೇಲೆ ಬೆಳಗಾವಿಗೆ ಹೋಗಿದ್ದ. "ಅತ್ತಿ, ನಮ್ಮ ಗಾಡ್ಯಾಗ ಬರ್ರಿ, ಎಸಿ ಐತಿ" ಎಂದಳು ನೆಗೆಣ್ಣಿ. ಅತ್ತೆ ಒಮ್ಮೆ ನನ್ನ ಮುಖ ನೋಡಿ, "ಹೂಂ" ಎಂದರು. "ಅಕ್ಕಾ, ನೀವೂ ಭಾವಾರೂ ಬರ್ರಿ, ಜಾಗಾ ಐತಿ" ಎಂದಳು ನನಗೂ. ನಾನು, "ನಮಗ ನಮ್ಮ ಗಾಡಿ ಐತಿ" ಎಂದೆ. ಮೀಸೆ ಇದ್ದಿದ್ದರೆ ಆಗ ತಿರುವುತ್ತಿದ್ದೆ.

ಅವರು ಹೊರಟ ಮೇಲೆ ನಾನು ಕಾರಿನ ಬಾಗಿಲು ತೆಗೆದು ಮುಂದಿನ ಸೀಟಿನ ಕೆಳಗೆ ಕೈ ಹಾಕಿದೆ. ಕಲ್ಲು ಇರಲಿಲ್ಲ. ಹಿಂದಿನ ಸೀಟಿನ ಕೆಳಗೆ, ಡಿಕ್ಕಿಯಲ್ಲಿ, ಹಿತ್ತಲಲ್ಲಿ ಹುಡುಕಿದೆ. ಕಲ್ಲು ಸುತ್ತುತ್ತಿದ್ದ ಸೀರೆಯ ತುಂಡೂ ಇರಲಿಲ್ಲ.

"ನಿಮ್ಮವ್ವ ಕಲ್ಲೂ ಒಯ್ದಾರ್ರಿ" ಎಂದೆ ಯಜಮಾನರಿಗೆ.

"ಒಂದ ಕಲ್ಲ ಅಲ್ಲೇನು? ಚಿಕ್ಕೋಡ್ಯಾಗ ಕಲ್ಲಿಗೇನ ಬರಗಾಲ?" ಎಂದು ಅವರು ಹಿಂದಿನ ಸೀಟಿಗೆ ಒರಗಿದರು.

ಗಂಡಸರಿಗೆ ಏನು ಹೇಳುವುದು. ಅತ್ತೆ ಆ ಕಾರಿನಲ್ಲಿ ಕೂತದ್ದನ್ನು ತಡೆದುಕೊಳ್ಳಬಹುದಿತ್ತು. ಎಸಿ ತಂಪಾಗಿದೆ, ಸೀಟು ಮೆತ್ತಗಿದೆ, ವಯಸ್ಸಾದವರು, ಕೂರಲಿ. ಕಲ್ಲನ್ನೇಕೆ ಒಯ್ದರು? ಹಿಂದೆ ಸರಿಯದ ಕಾರಿಗೆ ಕಲ್ಲೇಕೆ? ನಿಪ್ಪಾಣಿಯ ತನಕ ಅದನ್ನೇ ಮೆಲುಕು ಹಾಕುತ್ತ ಗಾಡಿ ಹೊಡೆದೆ. ಎದುರಿಗೆ ಬಂದವರಿಗೆಲ್ಲ ಹಾರ್ನ್ ಹೊಡೆದೆ.

ಘಾಟದಲ್ಲಿ ಎಂದಿನಂತೆ ವಾಹನಗಳ ಸಾಲು. ಮೇಲೆ ಎಲ್ಲೋ ಕಬ್ಬಿನ ಟ್ರ್ಯಾಕ್ಟರ್ ನಿಂತಿದೆ ಎಂದರು. ಸಾಲು ನಿಲ್ಲುವುದು, ಒಂದಿಷ್ಟು ಸರಿಯುವುದು, ಮತ್ತೆ ನಿಲ್ಲುವುದು. ನಾನು ಹಾಫ್ ಕ್ಲಚ್ಚಿನಲ್ಲಿ ಒಂದು ಬೆರಳೂ ಹಿಂದೆ ಸರಿಯದೆ ಹತ್ತುತ್ತಿದ್ದೆ. ನೋಡುವವರು ಯಾರೂ ಇರಲಿಲ್ಲ. ಅರ್ಧ ಘಾಟ ಹತ್ತಿದಾಗ ರಸ್ತೆಯ ಬದಿಯಲ್ಲಿ ಒಬ್ಬ ಹೆಂಗಸು ನಿಂತದ್ದು ಕಂಡಿತು. ಹಸಿರು ಸೀರೆ, ತಲೆ ತುಂಬ ಸೆರಗು, ಕೈಯಲ್ಲಿ ಕಲ್ಲು.

ನನ್ನ ಅತ್ತೆ.

ಬದಿಗೆ ತೆಗೆದುಕೊಂಡು ನಿಲ್ಲಿಸಿದೆ. ಅತ್ತೆ ನನ್ನ ಕಾರು ಕಂಡವರೇ ಬಾಗಿಲ ಕಡೆ ಬರಲಿಲ್ಲ, ನೇರವಾಗಿ ಹಿಂದಿನ ಗಾಲಿಗೆ ಹೋಗಿ ಕಲ್ಲು ಕೊಟ್ಟರು. ಆಮೇಲೆ ಮುಂದೆ ಬಂದರು.

"ಏನಾತ್ರಿ ಅತ್ತಿ? ಅಕಿ ಎಲ್ಲಿ?"

"ಹೋದ್ಲು" ಎಂದರು, ಬಸ್ಸು ಹೋಯಿತು ಎನ್ನುವಷ್ಟು ಸಮಾಧಾನದಿಂದ.

ನಡೆದದ್ದು ಹೀಗೆ. ಆ ಕಾರಿನ ಮುಂದಿನ ಸೀಟಿನಲ್ಲಿ ನೆಗೆಣ್ಣಿಯ ತಾಯಿ ಕೂತಿದ್ದರು. ಅತ್ತೆಯನ್ನು ಹಿಂದೆ ಒಬ್ಬರನ್ನೇ ಕೂರಿಸಿದ್ದರು. ತಾಯಿ ಮಗಳು ಮರಾಠಿಯಲ್ಲಿ ತವರಿನ ಸುದ್ದಿ ಹಚ್ಚಿದ್ದರು. ಏರಿನಲ್ಲಿ ಸಾಲು ನಿಂತಿತು. ಅತ್ತೆ ತಮ್ಮ ರೂಢಿಯಂತೆ ಬಾಗಿಲು ತೆಗೆದು ಇಳಿದರು, ಮೆಲ್ಲಗೆ ಬಾಗಿಲು ಹಾಕಿದರು, ಗಾಲಿಗೆ ಕಲ್ಲು ಕೊಟ್ಟರು, ಕಾರಿನ ತಲೆಯ ಮೇಲೆ ಎರಡು ಸಲ ತಟ್ಟಿದರು. ತಟ್ಟಿದರೆ ಹೋಗು ಎಂದು ಅರ್ಥ. ನೆಗೆಣ್ಣಿ ಹೋದಳು.

ಮೇಲೆ ಸಮ ಜಾಗದಲ್ಲಿ ಕಾಯುವುದು ನನಗೆ ಗೊತ್ತು. ಅವಳಿಗೆ ಇಂಥದೊಂದು ಪದ್ಧತಿ ಇದೆಯೆಂದೇ ಗೊತ್ತಿಲ್ಲ.

ನಾನು ಒಳಗೇ ಕುಣಿದೆ. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನೀರು ಕೊಟ್ಟೆ. ಈಗ ಬೈಯುತ್ತಾರೆ, ಬೈಯಲಿ, ದೇವಸ್ಥಾನ ಮುಟ್ಟುವ ತನಕ ಬೈಯಲಿ ಎಂದು ಕಿವಿ ನೆಟ್ಟಗೆ ಮಾಡಿ ಕೂತೆ.

"ಗಾಡಿ ಛಲೋ ಐತಿ ಬೇ" ಎಂದರು ಅತ್ತೆ. "ಕಲ್ಲಿಗಿ ಗಾಲಿ ಮುಟ್ಟಲೇ ಇಲ್ಲ. ಕೂದಲೆಳಿ ಅಷ್ಟೂ ಹಿಂದ ಸರೀಲಿಲ್ಲ. ನಾ ಬಗ್ಗಿ ನೋಡ್ದೆ."

ನನ್ನ ಹೊಟ್ಟೆಯಲ್ಲಿ ಮತ್ತೆ ಬೆಂಕಿ ಬಿತ್ತು. ನಡುದಾರಿಯಲ್ಲಿ ಬಿಟ್ಟು ಹೋದ ಕಾರಿಗೆ ಈ ಹೊಗಳಿಕೆ.

"ಅಷ್ಟ ಛಲೋ ಇದ್ರ ಕಲ್ಲ ಯಾಕ ಒಯ್ದ್ರಿ ಮತ್ತ? ನನ್ನ ಗಾಡ್ಯಾಗಿಂದ ಯಾಕ ತಗದ್ರಿ?" ಎಂದೆ. ದನಿ ಏರಿತ್ತು.

ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. "ಅಕಿ ಹೊಸಬಳು. ಗಾಡಿ ಹಿಡಿತೈತಿ ಖರೆ, ಹುಡುಗಿನ್ನ ಯಾರ ಹಿಡೀಬೇಕು? ಟ್ರಕ್ಕ ಹಿಂದ ಬಂದ್ರ ಕೈ ನಡಗತಾವ ಅಕೀವು. ನಿಂದ ಹಂಗಲ್ಲ. ನಿನಗ ಕಲ್ಲ ಯಾವಾಗಿಂದ ಬೇಕಾಗಿಲ್ಲ?"

ನಾನು ನೀರಿನ ಬಾಟಲಿಯ ಮುಚ್ಚಳ ತಿರುವತೊಡಗಿದೆ.

"ನಾ ಇಟ್ಟ ಕಲ್ಲ ಹಂಗ ಸಡ್ಲ ಇರತಿತ್ತ. ಗಾಲಿ ಒತ್ತಿದ್ರ ಕಲ್ಲ ಎತ್ತಾಕ ಜೋರ ಹತ್ತತೈತಿ. ನಿನ್ನ ಗಾಡೀದ ಎಷ್ಟೋ ವರ್ಷ ಆತು, ಹೂವಿನಗತೆ ಎತ್ತಿಕೊಂಡ ಬರಾಕತ್ತೇನಿ. ನನಗ ತಿಳಿಯೂದಿಲ್ಲೇನು?"

ತಿಳಿದಿತ್ತು. ತಿಳಿದೂ ಪ್ರತಿ ಏರಿನಲ್ಲಿ ಇಳಿದಿದ್ದರು, ಬಿಸಿಲಲ್ಲಿ, ಮಂಡಿ ಹಿಡಿದುಕೊಂಡು, ನಾನು "ಅತ್ತೀ, ಕಲ್ಲ" ಎಂದಾಗಲೆಲ್ಲ. ನನಗೆ ಅಳು ಬಂತು. ಅಳುವಿನ ಜೊತೆಗೇ ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ. ಕಲಿತದ್ದೇ ತಪ್ಪಾಯಿತಲ್ಲ. ಕುಂಡ ಒಡೆಯುತ್ತಲೇ ಇದ್ದಿದ್ದರೆ ಇವರು ನನ್ನ ಕಾರಿನಲ್ಲೇ ಇರುತ್ತಿದ್ದರು. ಜಾಣೆಗೆ ಶಭಾಸ್, ದಡ್ಡಿಗೆ ಅತ್ತೆ.

ಅತ್ತೆ ಇಳಿದರು. ತಟ್ಟಿದರು. ನಾನು ಮುಂದೆ ಹೋಗಿ ಕಾದೆ. ಅವರು ಕಲ್ಲು ಹಿಡಿದು ಬಂದು ಕೂತರು.

ಘಾಟದ ಮೇಲೆ ಕಬ್ಬಿನ ಹಾಲಿನ ಅಂಗಡಿಯ ಹತ್ತಿರ ಆ ಕಾರು ನಿಂತಿತ್ತು. ನೆಗೆಣ್ಣಿ ರಸ್ತೆಯಲ್ಲೇ ನಿಂತು ಅಳುತ್ತಿದ್ದಳು. ಹಿಂದೆ ತಿರುಗಿ ಬರೋಣವೆಂದರೆ ಹೆದ್ದಾರಿಯಲ್ಲಿ ತಿರುವಿಲ್ಲ. ಅವಳ ತಾಯಿ, "ಅಗ, ಸಾಸೂಲಾ ವಿಸರೂನ ಆಲೀಸ!" ಎಂದು ಹಣೆ ಬಡಿದುಕೊಳ್ಳುತ್ತಿದ್ದರು. ಅತ್ತೆಯನ್ನು ಮರೆತು ಬಂದೆಯಲ್ಲ ಎಂದು. ಅತ್ತೆ ಇಳಿದ ಕೂಡಲೇ ನೆಗೆಣ್ಣಿ ಓಡಿ ಬಂದು ಅವರ ಕಾಲು ಹಿಡಿದಳು.

"ಯಾರೋ ಲಾರಿ ಕ್ಲೀನರ್ ಹೋಗ್ರಿ ಅಂತ ಬಡದಾ ಅನಕೊಂಡ್ನಿರಿ ಅತ್ತಿ. ಜರಾ ತಡದ ಹೊಳ್ಳಿ ನೋಡಿದ್ರ ನೀವ ಇಲ್ಲ. ನನಗ ಜೀವಾನ ಹೋತು."

"ಏಳ ಏಳ. ಅಮಾಸಿ ದಿನಾ ಅಳಬಾರ್ದು."

ಆ ತಾಯಿ ಆಗಲೇ ಹಿಂದಿನ ಸೀಟಿಗೆ ಹೋಗಿ ಕೂತಿದ್ದರು. ಮುಂದಿನ ಬಾಗಿಲು ತೆರೆದಿತ್ತು. ಅತ್ತೆ ಒಮ್ಮೆ ಆ ಬಾಗಿಲು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನಾನು ಸ್ಟೇರಿಂಗ್ ಬಿಟ್ಟಿರಲಿಲ್ಲ. ನನ್ನ ಕಣ್ಣಿನಲ್ಲಿ ಏನಿತ್ತೋ ಅವರಿಗೆ ಕಾಣದೇ ಇರಲಾರದು.

"ಹುಡುಗಿ ನಡಗಾಕತ್ತೇತಿ. ಮುಂದ ಕುಂದರತೇನಿ ಅಕಿ ಬಾಜೂಕ" ಎಂದರು ನನಗೆ. ಕಲ್ಲನ್ನೂ ಎತ್ತಿಕೊಂಡು ಹೋದರು.

ದೇವಸ್ಥಾನದಲ್ಲಿ ಎಣ್ಣೆ ಕೊಟ್ಟೆ, ಕಾಯಿ ಕೊಟ್ಟೆ. ಏನು ಬೇಡಿಕೊಂಡೆ ಎಂದು ಹೇಳಲು ಸಾಧ್ಯವಿಲ್ಲ. ದೇವರು ಅಂಥದನ್ನು ನಡೆಸಿಕೊಡುವವನಲ್ಲ.

ಹೊತ್ತು ಮುಳುಗುವ ಮೊದಲು ಊಟವಾಗಬೇಕು, ಆದ್ದರಿಂದ ಎಲ್ಲರಿಗೂ ಮನೆ ಸೇರುವ ಅವಸರ. ನಾನು ಮುಂದೆ, ಅವರು ಹಿಂದೆ. ಕನ್ನಡಿಯಲ್ಲಿ ದಾರಿಯುದ್ದಕ್ಕೂ ಆ ಕಾರಿನ ಮುಂದಿನ ಗಾಜು ಕಾಣುತ್ತಿತ್ತು. ಅದರ ಹಿಂದೆ ಅತ್ತೆಯ ಹಸಿರು ಸೆರಗು. ಅವರು ಕಿಟಕಿಯ ಕಡೆ ಮುಖ ಮಾಡಿ ಏನೋ ಹೇಳುತ್ತಿದ್ದರು. ನೆಗೆಣ್ಣಿ ತಲೆ ಆಡಿಸುತ್ತಿದ್ದಳು. ನಾನು ಕನ್ನಡಿಯನ್ನು ಮೇಲೆ ತಿರುಗಿಸಿದೆ. ಒಂದು ಮೈಲಿ ಹೋದ ಮೇಲೆ ಮತ್ತೆ ಕೆಳಗೆ ತಿರುಗಿಸಿದೆ.

ಚಿಕ್ಕೋಡಿ ಬಂತು. ಪೇಟೆ ರಸ್ತೆಯಿಂದ ಓಣಿಗೆ ತಿರುಗಿದೆ. ಅವರ ಕಾರೂ ಹಿಂದೆ ತಿರುಗಿತು. ತಿರುವಿನಲ್ಲಿ ಎದುರಿಗೆ ಒಂದು ಎಮ್ಮೆ ಬರುತ್ತಿತ್ತು. ನಿಲ್ಲಿಸಿದೆ. ಎಮ್ಮೆ ದಾಟಿ ಹೋಯಿತು. ದಾರಿ ತೆರವಾಯಿತು.

ನಾನು ಹೊರಡಲಿಲ್ಲ. ಕನ್ನಡಿ ನೋಡಿದೆ. ಹಿಂದೆ ಬೇಕಾದಷ್ಟು ಜಾಗವಿತ್ತು. ಬ್ರೇಕನ್ನು ಒಂದಿಷ್ಟೇ ಸಡಿಲ ಬಿಟ್ಟೆ. ಗಾಡಿ ಒಂದು ಮೊಳ ಹಿಂದೆ ಸರಿಯಿತು. ಮತ್ತೆ ಒತ್ತಿ ಹಿಡಿದು, ಕಿಟಕಿಯಿಂದ ತಲೆ ಹೊರಗೆ ಹಾಕಿ ಓಣಿಗೆಲ್ಲ ಕೇಳುವಂತೆ ಕೂಗಿದೆ.

"ಅತ್ತೀ, ಕಲ್ಲ!"

ಹಿಂದಿನ ಸೀಟಿನಲ್ಲಿ ಗೊರಕೆ ನಿಂತಿತು. "ಹ್ಯಾಂಡ್‌ಬ್ರೇಕ್ ಬಿಗಿ ಐತೆಲ್ಲ?" ಎಂದರು ಯಜಮಾನರು, ಕಣ್ಣು ತೆರೆಯದೆ.

"ಸುಮ್ನ ಮಲಕೋರಿ."

ಕನ್ನಡಿಯಲ್ಲಿ ಆ ಕಾರಿನ ಮುಂದಿನ ಬಾಗಿಲು ತೆರೆಯಿತು. ಮೊದಲು ಕಲ್ಲು ಕಂಡಿತು, ಆಮೇಲೆ ಹಸಿರು ಸೀರೆ. ಅತ್ತೆ ಮಂಡಿ ಹಿಡಿದುಕೊಂಡು ಸಾವಕಾಶ ಏರು ಹತ್ತಿ ಬಂದರು. ಬಗ್ಗಿದರು. ಕಲ್ಲು ಗಾಲಿಗೆ ತಾಗಿದ ಸದ್ದು ಕೇಳಿತು. ಆಮೇಲೆ ನನ್ನ ತಲೆಯ ಮೇಲೆ, ತಗಡಿನ ಮೇಲೆ, ಎರಡು ಸಲ ತಟ್ಟಿದರು.

ನಾನು ಬ್ರೇಕಿನಿಂದ ಕಾಲು ಪೂರ್ತಿ ತೆಗೆದು, ಗಾಡಿಯ ಭಾರವನ್ನೆಲ್ಲ ಕಲ್ಲಿನ ಮೇಲೆ ಬಿಟ್ಟು ಕೂತೆ. ಹಿಂದೆ ಅವಳು ಹಾರ್ನ್ ಹೊಡೆದಳು. ಅವಳ ಕಾರು ಹಿಂದೆ ಸರಿಯುವುದಿಲ್ಲವಲ್ಲ, ನಿಲ್ಲಲಿ.